ಗಣಕಯಂತ್ರಕ್ಕೆ ತಕ್ಕ ವಿದ್ಯುತ್ ಸರಬರಾಜು

ಗಣಕಯಂತ್ರದ ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡುತಂದು ತಾವೇ ಜೋಡಿಸಿಕೊಳ್ಳುವ ಹವ್ಯಾಸವು ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿ ಬೆಳೆದಿರುವುದು ಸಂತೋಷದ ಸಂಗತಿ. ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಚೀಟಿ ಹಿಡಿದು ನಿಂತ ತರುಣರನ್ನು ಯಾರು ಬೇಕಾದರೂ ನೋಡಬಹುದು. ಆದರೆ ಆ ಚೀಟಿಗಳಲ್ಲಿ ಒಂದು ಕೊರತೆ ಪದೇ ಪದೇ ಕಾಣಬರುತ್ತದೆ. ಪ್ರೊಸೆಸರು ಯಾವುದು, ಗ್ರಾಫಿಕ್ಸ್ ಕಾರ್ಡು ಯಾವುದು ಎಂದು ವಾರಗಟ್ಟಲೆ ಚರ್ಚಿಸಿದವರು, ಇವೆಲ್ಲಕ್ಕೂ ವಿದ್ಯುತ್ತನ್ನು ಉಣಿಸುವ ಪೆಟ್ಟಿಗೆಯ ಸರದಿ ಬಂದಾಗ ಕೈಯಲ್ಲಿ ಉಳಿದಷ್ಟು ಹಣಕ್ಕೆ ದೊರೆತುದನ್ನು ಕೊಳ್ಳುತ್ತಾರೆ; ಇಲ್ಲವೆ ಕ್ಯಾಬಿನೆಟ್ಟಿನೊಡನೆ ಪುಕ್ಕಟೆಯಾಗಿ ಬಂದುದೇ ಸಾಕೆನ್ನುತ್ತಾರೆ. ಮದುವೆಯಲ್ಲಿ ಒಡವೆ ವಸ್ತ್ರಗಳಿಗೆ ಧಾರಾಳವಾಗಿ ವೆಚ್ಚಮಾಡಿ ಅಡುಗೆಯವರೊಡನೆ ಚೌಕಾಸಿಗೆ ಇಳಿದಂತಾಯಿತು! ತಂದೆತಾಯಿಗಳು ಕಷ್ಟಪಟ್ಟು ಕೂಡಿಟ್ಟ ಹಣದಿಂದ ಕೊಂಡ ಯಂತ್ರವು, ಈ ಒಂದು ಪೆಟ್ಟಿಗೆ ಕೆಟ್ಟಾಗ ತಾನೂ ಕೆಡುವುದುಂಟು.

ಅಂಗಡಿಯವರು ಇದನ್ನು ಎಸ್‌ಎಂಪಿಎಸ್ ಎನ್ನುತ್ತಾರೆ. ಅದರ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ವಾಟ್ ಸಂಖ್ಯೆಯೊಂದನ್ನೇ ನಂಬದೆ, ಪಕ್ಕದಲ್ಲಿ ಅಂಟಿಸಿದ ಸಣ್ಣ ಕೋಷ್ಟಕವನ್ನು ಓದಿ ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಈ ಪೆಟ್ಟಿಗೆ ಮಾಡುವ ಕೆಲಸವಾದರೂ ಏನು? ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ಪ್ರವಾಹ. ಯಂತ್ರಕ್ಕೆ ಬೇಕಾದುದು 12, 5 ಮತ್ತು 3.3 ವೋಲ್ಟುಗಳ ನೇರ ಪ್ರವಾಹ. ಹಳೆಯ ರೇಡಿಯೋಗಳಲ್ಲಿದ್ದಂತೆ ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರನ್ನು ಬಳಸಿದರೆ ಅದೊಂದೇ ಹಲವು ಕಿಲೋಗ್ರಾಂ ತೂಗುತ್ತದೆ. ಆದುದರಿಂದ ಇಲ್ಲಿ ಮೊದಲು 300 ವೋಲ್ಟಿಗೂ ಮೀರಿದ ನೇರ ಪ್ರವಾಹವನ್ನು ಪಡೆದು, ಬಳಿಕ ಟ್ರಾನ್ಸಿಸ್ಟರುಗಳ ಮೂಲಕ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸುತ್ತಾರೆ. ಆವರ್ತಾಂಕ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾಗಬಹುದು. ಅಂಗೈಯಲ್ಲಿ ಹಿಡಿಯುವ ಫೆರೈಟ್ ತಿರುಳೊಂದು ನೂರಾರು ವಾಟುಗಳನ್ನು ದಾಟಿಸಬಲ್ಲದು. ಹೀಗೆ ಇಳಿಸಿದ ವಿದ್ಯುತ್ತನ್ನು ಮತ್ತೆ ನೇರಗೊಳಿಸಿ, ಕೆಪಾಸಿಟರುಗಳಿಂದ ಸೋಸಿ ಹೊರಬಿಡಲಾಗುತ್ತದೆ. 12 ವೋಲ್ಟಿನ ಮಾರ್ಗವು 11.4ಕ್ಕಿಂತ ಇಳಿಯಬಾರದು, 12.6ನ್ನು ಮೀರಬಾರದು, ಅದರಲ್ಲಿ ಉಳಿಯುವ ಅಲುಗಾಟವು 120 ಮಿಲಿವೋಲ್ಟಿನೊಳಗೆ ಇರಬೇಕು ಎಂಬುದು ನಿಯಮ. ಸೋಸುವ ಭಾಗಗಳಲ್ಲಿಯೂ ರಕ್ಷಣೆಯ ಮಂಡಲಗಳಲ್ಲಿಯೂ ತಯಾರಕನು ಹಣ ಉಳಿಸಿದರೆ ಹೊರನೋಟಕ್ಕೆ ಏನೂ ತಿಳಿಯದು.

ಇನ್ನು ಕೋಷ್ಟಕದ ವಿಷಯ. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಮಾದರಿಯನ್ನು ಹೊರತಂದಾಗ ಯಂತ್ರದ ಹೊರೆಯಲ್ಲಿ ಹೆಚ್ಚಿನದು 5 ಮತ್ತು 3.3 ವೋಲ್ಟುಗಳ ಮೇಲಿತ್ತು. ಇಂದು ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬಹುಪಾಲು 12 ವೋಲ್ಟಿನ ಮಾರ್ಗವನ್ನೇ ಅವಲಂಬಿಸಿವೆ. ಮೇಲೆ 500 ವಾಟ್ ಎಂದು ಬರೆದ ಪೆಟ್ಟಿಗೆಯ ಕೋಷ್ಟಕದಲ್ಲಿ 12 ವೋಲ್ಟಿನ ಕೆಳಗೆ 18 ಆಂಪಿಯರ್ ಎಂದಿದ್ದರೆ ಗುಣಿಸಿ ನೋಡಿರಿ: 216 ವಾಟ್ ಮಾತ್ರ. ಉಳಿದುದು ಯಂತ್ರವು ಅಷ್ಟಾಗಿ ಕೇಳದ ಮಾರ್ಗಗಳಲ್ಲಿ ಹಂಚಿಹೋಗಿದೆ, ಅಥವಾ ಕಾಗದದ ಮೇಲಷ್ಟೇ ಇದೆ. ಇದರ ಬದಲು 450 ವಾಟ್ ಎಂದಿದ್ದು 36 ಆಂಪಿಯರ್ ಕೊಡುವ ಪೆಟ್ಟಿಗೆಯಲ್ಲಿ ಅದೇ ಮಾರ್ಗಕ್ಕೆ 432 ವಾಟ್ ಲಭ್ಯ. ಚಿಕ್ಕ ಸಂಖ್ಯೆಯದೇ ಎರಡು ಪಾಲು ಬಲವುಳ್ಳದ್ದಾಯಿತಷ್ಟೆ.

ಹಾಗಾದರೆ ಎಷ್ಟು ವಾಟ್ ಬೇಕು? ಇಂಟೆಲ್ ಕೋರ್ ಐ5-12400 ಪ್ರೊಸೆಸರಿನ ಮೇಲೆ 65 ವಾಟ್ ಎಂದಿದ್ದರೂ ದುಡಿಮೆಯ ಭರದಲ್ಲಿ ಅದು 117 ವಾಟಿನವರೆಗೆ ಏರಬಲ್ಲದು. ಆರ್‌ಟಿಎಕ್ಸ್ 4060 ಕಾರ್ಡಿಗೆ 115 ವಾಟ್. ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆಲ್ಲ 50 ಎಂದಿಟ್ಟರೆ ಮೊತ್ತ 282. ಕಾರ್ಡುಗಳು ಕ್ಷಣಮಾತ್ರಕ್ಕೆ ತಮ್ಮ ಮಿತಿಯನ್ನು ಮೀರುವುದರಿಂದ ಅರ್ಧದಷ್ಟು ಹೆಚ್ಚಿಗೆ ಇರಲಿ. 450 ವಾಟಿನ ಒಳ್ಳೆಯ ಪೆಟ್ಟಿಗೆ ಧಾರಾಳವಾಯಿತು. ಮುಂದೆ ದೊಡ್ಡ ಕಾರ್ಡನ್ನು ಹಾಕುವ ಆಸೆಯುಳ್ಳವರು 550 ಕೊಂಡರೆ ನಮ್ಮ ಆಕ್ಷೇಪವಿಲ್ಲ. ಆದರೆ ಇಂಥ ಯಂತ್ರಕ್ಕೆ 850 ವಾಟ್ ಬೇಕೆಂದು ಹಟ ಹಿಡಿಯುವುದು ಬರಿಯ ಪ್ರತಿಷ್ಠೆ. ಆ ಹಣದಲ್ಲಿ ಮೆಮೊರಿಯನ್ನು ಹೆಚ್ಚಿಸಿಕೊಳ್ಳಬಹುದು.

ದೊಡ್ಡ ಪೆಟ್ಟಿಗೆ ತಂದರೆ ಕರೆಂಟಿನ ಬಿಲ್ಲು ಏರುವುದೆಂದು ಹಿರಿಯರು ಅಂಜುವುದುಂಟು. ಇದು ತಪ್ಪು ಗ್ರಹಿಕೆ. ಯಂತ್ರ ಕೇಳಿದಷ್ಟನ್ನೇ ಪೆಟ್ಟಿಗೆ ಕೊಡುತ್ತದೆ. ಬಿಲ್ಲನ್ನು ಏರಿಸುವುದು ಅದರ ದಕ್ಷತೆಯ ಕೊರತೆ. ಯಂತ್ರಕ್ಕೆ 200 ವಾಟ್ ಬೇಕಾದಾಗ ಶೇಕಡಾ 90 ದಕ್ಷತೆಯ ಪೆಟ್ಟಿಗೆ ಗೋಡೆಯಿಂದ 222 ವಾಟನ್ನೂ ಶೇಕಡಾ 70ರದು 286 ವಾಟನ್ನೂ ಎಳೆಯುತ್ತದೆ. ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ ಸುಮಾರು 116 ಯೂನಿಟ್ ಬರಿದೆ ಬಿಸಿಯಾಗಿ ಹೋಗುತ್ತದೆ. 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆಯನ್ನು ನೋಡಿ ಕೊಳ್ಳುವುದು ಇದಕ್ಕಾಗಿಯೇ. ವಿದ್ಯಾರ್ಥಿಗಳಿಗೆ ಅದರ ಬ್ರಾಂಜ್ ದರ್ಜೆ ಸಾಕು. ಆ ಮುದ್ರೆ ದಕ್ಷತೆಗೆ ಮಾತ್ರ ಸಾಕ್ಷಿ, ರಕ್ಷಣಾ ಮಂಡಲಗಳಿಗಲ್ಲ ಎಂಬುದೂ ನೆನಪಿರಲಿ.

ಜಾಹೀರಾತುಗಳು ಹೆಚ್ಚಾಗಿ ಹೇಳದ ಇನ್ನೊಂದು ಗುಣವಿದೆ. ಕರೆಂಟು ಹೋದಾಗ ಯುಪಿಎಸ್ ತನ್ನ ಬ್ಯಾಟರಿಗೆ ಹೊರಳಲು ಕೆಲವು ಮಿಲಿಸೆಕೆಂಡುಗಳು ಬೇಕು. ಆ ಅವಧಿಯಲ್ಲಿ ಯಂತ್ರವನ್ನು ನಡೆಸುವುದು ಪೆಟ್ಟಿಗೆಯೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಶೇಖರವಾದ ಶಕ್ತಿ. ಒಳ್ಳೆಯ ಪೆಟ್ಟಿಗೆ ಪೂರ್ಣ ಹೊರೆಯಲ್ಲಿಯೂ ಸುಮಾರು 16 ಮಿಲಿಸೆಕೆಂಡು ತಡೆದುಕೊಳ್ಳುತ್ತದೆ. ಅಗ್ಗದ ಪೆಟ್ಟಿಗೆಯಲ್ಲಿ ಕೆಪಾಸಿಟರು ಕಿರಿದಾದರೆ ಬರೆಯುತ್ತಿದ್ದ ಪ್ರಾಜೆಕ್ಟು ವರದಿ ಕಣ್ಣೆದುರಿಗೇ ಮಾಯವಾಗುತ್ತದೆ. ಬೈಗುಳವೋ ಪಾಪ, ಯುಪಿಎಸ್ಸಿಗೆ! ಅಂದಹಾಗೆ, ಪ್ಲಗ್ಗನ್ನು ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಪ್ರಾಣಾಪಾಯ ತರುವಷ್ಟು ವಿದ್ಯುತ್ತು ಉಳಿದಿರಬಹುದಾದ ಕಾರಣ ಪೆಟ್ಟಿಗೆಯನ್ನು ಬಿಚ್ಚುವ ಕುತೂಹಲ ಬೇಡ.

ಕ್ಯಾಬಿನೆಟ್ಟನ್ನು ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆಂದು ಪೆಟ್ಟಿಗೆಯನ್ನೇ ಬದಲಾಯಿಸುವವರೂ ಇದ್ದಾರೆ. ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಅದರದಲ್ಲ. ಒಳಬರುವ ವಿದ್ಯುತ್ತನ್ನು ಸೋಸುವ ಎರಡು ಸಣ್ಣ ಕೆಪಾಸಿಟರುಗಳು ಫೇಸ್ ಹಾಗೂ ನ್ಯೂಟ್ರಲ್ ತಂತಿಗಳನ್ನು ಲೋಹದ ಹೊದಿಕೆಗೆ ಸೇರಿಸುತ್ತವೆ. ಅರ್ಥಿಂಗ್ ಇಲ್ಲದಿದ್ದಾಗ ಹೊದಿಕೆ ನಡುವೆ ಸಿಲುಕಿ 115 ವೋಲ್ಟಿನಷ್ಟು ಮೇಲೇರುತ್ತದೆ. ಆಗ ಹರಿಯುವ ಪ್ರವಾಹ ಅತ್ಯಲ್ಪವೆಂಬುದೇನೋ ನಿಜ. ಆದರೆ ಒಳಗೆ ಎಲ್ಲಾದರೂ ಫೇಸ್ ತಂತಿ ಹೊದಿಕೆಗೆ ತಗುಲಿದರೆ ಅದನ್ನು ನೆಲಕ್ಕೆ ಒಯ್ಯುವ ದಾರಿಯೇ ಇರುವುದಿಲ್ಲ. ಎಷ್ಟೇ ಬೆಲೆಯ ಪೆಟ್ಟಿಗೆ ತಂದರೂ ಇದಕ್ಕೆ ಪರಿಹಾರವಿಲ್ಲ. ವೈರಿಂಗ್ ಕೆಲಸದವರನ್ನು ಕರೆಸಿ, ಗೋಡೆಯ ಸಾಕೆಟ್ಟಿನ ಮೇಲ್ಭಾಗದ ದೊಡ್ಡ ತೂತಿಗೆ ನಿಜವಾಗಿಯೂ ಭೂಸಂಪರ್ಕದ ತಂತಿ ಬಂದಿದೆಯೇ ಎಂದು ನೋಡಿಸಬೇಕು.