ಕಾಲಯಾನಕ್ಕೂ ಕಿರ್ದಿ ಬೇಕು

ನಾನಿರುವ ವಾಕೋ ಊರಿನಲ್ಲಿ ರೈಲು ನಿಲ್ದಾಣದಿಂದ ರಿಕೆನ್ ಸಂಶೋಧನಾ ಸಂಸ್ಥೆಗೆ ಹೋಗುವ ರಸ್ತೆಗೆ ನಿಹೋನಿಯಂ ಬೀದಿ ಎಂದು ಹೆಸರು. 113ನೇ ಮೂಲಧಾತುವನ್ನು ಆ ಸಂಸ್ಥೆಯಲ್ಲೇ ಸೃಷ್ಟಿಸಿದ್ದರ ನೆನಪಿಗೆ ದಾರಿಯುದ್ದಕ್ಕೂ ಧಾತುಗಳ ಫಲಕ ಹಾಕಿದ್ದಾರೆ. ಇಂಥ ಊರಿನಲ್ಲಿದ್ದಾನೆ ಎಂಬ ಒಂದೇ ಕಾರಣಕ್ಕೆ ನನ್ನ ಗೆಳೆಯರು ಕಾಲಯಾನದ ಧಾರಾವಾಹಿ ಅರ್ಥವಾಗದಿದ್ದಾಗ ನನಗೆ ಫೋನ್ ಮಾಡುತ್ತಾರೆ. ನಾನು ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ರಿಕೆನ್ ಗೇಟಿನೊಳಗೆ ಹೋಗಿದ್ದು, ಸಾರ್ವಜನಿಕರನ್ನು ಬಿಡುವ ದಿನ ಮಗಳ ಕೈ ಹಿಡಿದುಕೊಂಡು. ಆದರೂ ಹೇಳುತ್ತೇನೆ, ಈ ಧಾರಾವಾಹಿಗಳು ಅರ್ಥವಾಗಲು ಭೌತಶಾಸ್ತ್ರ ಬೇಕಿಲ್ಲ, ಕಿರ್ದಿ-ಖಾತೆ ಗೊತ್ತಿದ್ದರೆ ಸಾಕು. ಆ ಕಣ್ಣಿನಿಂದ ನೋಡಿದರೆ ಬಹುಪಾಲು ಕಳ್ಳ ಲೆಕ್ಕವೇ.

ನಮ್ಮ ಅಪ್ಪ ದಾವಣಗೆರೆಯ ಮಂಡಿಪೇಟೆಯಲ್ಲಿ ಗುಮಾಸ್ತರಾಗಿದ್ದರು. ಕಿರ್ದಿಯಲ್ಲಿ ತಪ್ಪು ಬಿದ್ದರೆ ಅಳಿಸುತ್ತಿರಲಿಲ್ಲ, ಬ್ಲೇಡಿನಿಂದ ಕೆರೆಯುತ್ತಲೂ ಇರಲಿಲ್ಲ. ಕೆಂಪು ಶಾಯಿಯಲ್ಲಿ ಒಂದು ಗೆರೆ, ಮೇಲೆ ಸರಿಯಾದ ಅಂಕಿ, ಪಕ್ಕದಲ್ಲಿ ಸಹಿ. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. ಭಾರತ ಸರ್ಕಾರಕ್ಕೆ ಈ ಬುದ್ಧಿ ಬಂದದ್ದು ತಡವಾಗಿ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾವ ನಮೂದು ಯಾವ ದಿನ ಬದಲಾಯಿತೆಂಬ ದಾಖಲೆ ಇರಲೇಬೇಕು, ಅದನ್ನು ಆಫ್ ಮಾಡುವ ಹಾಗಿಲ್ಲ. ಕಂಪನಿಗಳ ಮಟ್ಟಿಗೆ ಕಾಲಯಾನ ನಿಷೇಧ ಎಂದೇ ಇದರ ಅರ್ಥ.

ಟಿವಿಯವರಿಗೆ ಮಾತ್ರ ಈ ಕಾನೂನಿಲ್ಲ. ನಮ್ಮ ಮಕ್ಕಳೆಲ್ಲ ನೋಡಿ ಬೆಳೆದ ಡೋರೆಮಾನ್‌ನಿಂದಲೇ ಶುರು ಮಾಡೋಣ. ಆ ನೀಲಿ ಬೆಕ್ಕು ಭವಿಷ್ಯದಿಂದ ಬರುವುದೇಕೆ? ನೊಬಿತಾ ವ್ಯಾಪಾರದಲ್ಲಿ ಸೋತು ಮಾಡಿದ ಸಾಲ ಅವನ ಮರಿಮೊಮ್ಮಕ್ಕಳ ಕಾಲಕ್ಕೂ ತೀರಿಲ್ಲ, ಅದಕ್ಕೆ. ಅಂದರೆ ಕಥೆ ಹುಟ್ಟಿದ್ದೇ ಬಾಕಿಯಿಂದ! ಮೂಲ ಹಣೆಬರಹದಲ್ಲಿ ಅವನು ಜೈಕೋಳನ್ನು ಮದುವೆಯಾಗಬೇಕು. ಅದನ್ನು ತಿದ್ದಿ ಶಿಜುಕಾಳ ಹೆಸರು ಬರೆಯುತ್ತಾರೆ. ಹಾಗಾದರೆ ನೀನು ಹುಟ್ಟುವುದು ಹೇಗೆ ಎಂದು ನೊಬಿತಾ ಕೇಳಿದರೆ, ಒಸಾಕಾಗೆ ಯಾವ ಗಾಡಿಯಲ್ಲಿ ಹೋದರೂ ತಲುಪುವುದು ಒಸಾಕಾಗೇ ಎನ್ನುತ್ತಾನೆ ಆ ವಂಶದ ಕುಡಿ. ಜಾಣ ಉತ್ತರ. ಆದರೆ ಜೈಕೋಳ ಖಾತೆ ಏನಾಯಿತು? ಆ ಪುಟವನ್ನು ಕಿತ್ತಿದ್ದಾರೆ.

ಎಲ್ಲರೂ ಹೀಗೆ ಮಾಡುವುದಿಲ್ಲ. 2009ರಲ್ಲಿ ಟಿಬಿಎಸ್ ವಾಹಿನಿಯಲ್ಲಿ, ಮತ್ತೆ 2011ರಲ್ಲಿ ಮುಂದುವರಿದ ಭಾಗವಾಗಿ ಬಂದ 'ಜಿನ್' ನೋಡಿ. ನಮ್ಮ ಕಾಲದ ಮೆದುಳಿನ ಶಸ್ತ್ರವೈದ್ಯ 1862ರ ಎದೋ ಪಟ್ಟಣದಲ್ಲಿ ಬೀಳುತ್ತಾನೆ. ಬಿದ್ದ ಕೂಡಲೇ ಬಡಗಿಯ ಸಲಕರಣೆಗಳಿಂದ ಒಬ್ಬನ ತಲೆಬುರುಡೆ ತೆರೆದು ಬದುಕಿಸುತ್ತಾನೆ. ಮುಂದೆ ಬೂಷ್ಟಿನಿಂದ ಪೆನಿಸಿಲಿನ್ ತಯಾರಿಸುತ್ತಾನೆ, ಫ್ಲೆಮಿಂಗ್ ಅದನ್ನು ಕಂಡುಹಿಡಿಯುವ 1928ಕ್ಕೆ ಇನ್ನೂ ಅರವತ್ತಕ್ಕೂ ಹೆಚ್ಚು ವರ್ಷ ಇರುವಾಗ. ಇಲ್ಲಿಯವರೆಗೆ ಜಮಾ. ಆದರೆ ಅವನ ಬಳಿ ಪ್ರೇಯಸಿಯ ಒಂದು ಫೋಟೊ ಇದೆ. ಇವನು ಇತಿಹಾಸ ಬದಲಿಸುತ್ತ ಹೋದಂತೆ ಆ ಫೋಟೊ ಬದಲಾಗುತ್ತ ಹೋಗುತ್ತದೆ. ಯಾರನ್ನೋ ಉಳಿಸಿದರೆ ತನ್ನವಳು ಹುಟ್ಟದೇ ಹೋಗಬಹುದು. ಗೊತ್ತಿದ್ದೂ ಕತ್ತರಿ ಹಿಡಿಯಬೇಕು. ಇದು ಖರ್ಚು. 1867ರಲ್ಲಿ ಕೊಲೆಯಾಗುವ ಸಕಾಮೊತೊ ರಿಯೋಮಾನನ್ನು ಉಳಿಸಲು ಅವನು ಪಡುವ ಪಾಡು ಕಣ್ಣಲ್ಲಿ ನೀರು ತರಿಸುತ್ತದೆ, ಕೊನೆಗೂ ಉಳಿಯುವುದಿಲ್ಲ. ಪ್ರತಿ ಸಾಲಿಗೂ ಎದುರು ಸಾಲು ಇದೆ. ಇಂಥ ಲೆಕ್ಕಕ್ಕೆ ನಾನು ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ. (ಹಾಗೆ ಹಾಕಬಾರದು, ಗೊತ್ತು.)

2023ರ 'ಬ್ರಶ್ ಅಪ್ ಲೈಫ್' ಇನ್ನೊಂದು. ನಗರಸಭೆ ಕಚೇರಿಯ ಹೆಣ್ಣುಮಗಳೊಬ್ಬಳು ಸತ್ತ ಮೇಲೆ, ಮುಂದಿನ ಜನ್ಮ ಇರುವೆ ತಿನ್ನುವ ಪ್ರಾಣಿಯದು ಎಂದು ಕೌಂಟರಿನಲ್ಲಿ ಹೇಳುತ್ತಾರೆ. ಪುಣ್ಯ ಸಾಲದಂತೆ. ಅದನ್ನು ಕೂಡಿಸಲು ಅದೇ ಬದುಕನ್ನು ಮತ್ತೆ ಮತ್ತೆ ಬಾಳುತ್ತಾಳೆ, ಓದಿ ದೊಡ್ಡ ದೊಡ್ಡ ಕೆಲಸ ಹಿಡಿಯುತ್ತಾಳೆ. ಆದರೆ ಓದಲು ಕೂತ ಗಂಟೆಗಳು ಬಾಲ್ಯದ ಗೆಳತಿಯರ ಜೊತೆಗಿನ ಹರಟೆಯಿಂದಲೇ ಕಡಿತವಾಗುತ್ತವೆ. ತಮಾಷೆಯ ಕಥೆ, ಆದರೂ ಎಲ್ಲೂ ಮೋಸವಿಲ್ಲ.

ನನ್ನ ನಿಜವಾದ ಜಗಳ ಸಮಾನಾಂತರ ಜಗತ್ತುಗಳ ಜೊತೆ. ನಾಯಕ ಸತ್ತನೇ? ಚಿಂತೆಯಿಲ್ಲ, ಪಕ್ಕದ ಜಗತ್ತಿನಲ್ಲಿ ಇದ್ದಾನೆ. ಊರು ಸುಟ್ಟಿತೇ? ಸುಡದ ಊರು ಇನ್ನೊಂದಿದೆ. ಅಂಗಡಿಯವರ ಭಾಷೆಯಲ್ಲಿ ಇದಕ್ಕೆ ನಂಬರ್ ಎರಡರ ಲೆಕ್ಕ ಎನ್ನುತ್ತಾರೆ: ನಷ್ಟ ತೋರಿಸಲು ಒಂದು ಪುಸ್ತಕ, ಲಾಭ ಇಡಲು ಇನ್ನೊಂದು. ಭಾಗವತದ ರೈವತ ರಾಜನಿಗೆ ಈ ಸೌಕರ್ಯ ಇರಲಿಲ್ಲ. ಮಗಳಿಗೆ ವರ ಕೇಳಲು ಬ್ರಹ್ಮನ ಬಳಿ ಹೋಗಿ, ಅಲ್ಲಿನ ಸಂಗೀತ ಮುಗಿಯುವವರೆಗೆ ಕಾದ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದಿತ್ತು, ಅವನು ಮನಸ್ಸಿನಲ್ಲಿಟ್ಟಿದ್ದ ವರಗಳ ವಂಶದ ಹೆಸರೂ ಉಳಿದಿರಲಿಲ್ಲ. ಬ್ರಹ್ಮನೂ ಅವನಿಗೆ ಹಳೆಯ ಜಗತ್ತಿನ ನಕಲು ಪ್ರತಿ ಕೊಡಲಿಲ್ಲ.

ಮನರಂಜನೆ ಮಾರಾಯ, ಲಾಜಿಕ್ ಹುಡುಕಬೇಡ ಎನ್ನುತ್ತಾರೆ ಗೆಳೆಯರು. ಸರಿ. ಆದರೆ ಅವರೇ ಯುಗಾದಿ ಊಟಕ್ಕೆ ಸೇರಿದಾಗ ಅಲ್ಲೇ ಇದ್ದಿದ್ದರೆ ಸೈಟು ಎಷ್ಟಾಗಿರುತ್ತಿತ್ತು, ಮಕ್ಕಳು ಎಷ್ಟು ಚೆಂದ ಕನ್ನಡ ಮಾತಾಡುತ್ತಿದ್ದರು ಎಂದು ಎರಡನೇ ಪುಸ್ತಕ ತೆರೆಯುತ್ತಾರೆ. ಆ ಪುಸ್ತಕದಲ್ಲಿ ಖರ್ಚಿನ ಕಾಲಮ್ಮೇ ಇಲ್ಲ. ನಾವು ಹೊರಗಿರುವವರು ಈ ಕಥೆಗಳಿಗೆ ಬೇಗ ಮರುಳಾಗುವುದು ಸುಮ್ಮನೆ ಅಲ್ಲ.

ನಾನೂ ಮರುಳಾಗಿದ್ದೆ. 2021ರ ಮೇನಲ್ಲಿ ಅಪ್ಪನಿಗೆ ಕೋವಿಡ್ ಬಂತು. ಅದೇ ತಿಂಗಳು ಜಪಾನ್, ಭಾರತದಿಂದ ಮರಳುವ ವಿದೇಶೀಯರಿಗೆ, ಇಲ್ಲೇ ಮನೆ ಮಾಡಿಕೊಂಡಿದ್ದವರಿಗೂ, ಬಾಗಿಲು ಹಾಕಿತು. ಹೋಗಬಹುದಿತ್ತು, ಮರಳುವುದು ಯಾವಾಗಲೋ ಗೊತ್ತಿರಲಿಲ್ಲ. ಹೆಂಡತಿ, ಶಾಲೆಗೆ ಹೋಗುವ ಮಗಳು, ಕೆಲಸ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿ ಕಳೆದೆ. ಹೋಗಲಿಲ್ಲ. ಅಪ್ಪ ಹನ್ನೊಂದನೇ ದಿನ ತೀರಿಕೊಂಡರು. ಆಮೇಲೆ ಎಷ್ಟೋ ರಾತ್ರಿ ಇಂಥ ಧಾರಾವಾಹಿಗಳನ್ನೇ ನೋಡುತ್ತ ಕೂತಿದ್ದೆ.

ಆಗ ಒಬ್ಬ ಗೆಳೆಯ ಫೋನಿನಲ್ಲಿ ಸಮಾಧಾನ ಹೇಳಿದ: "ಇನ್ನೊಂದು ಜಗತ್ತಿನಲ್ಲಿ ನೀನು ಊರಿಗೆ ತಲುಪಿದ್ದೀಯ ಕಣೋ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು. ಹಾಗೆ ತಲುಪಿದವನು ಯಾರೋ, ನಾನಲ್ಲ. ನಮ್ಮ ಅಪ್ಪನ ತಲೆದಿಂಬಿನ ಪಕ್ಕ ಖಾಲಿ ಇದ್ದ ಕುರ್ಚಿ ಈ ಪುಸ್ತಕದ್ದು, ಅದರ ಮೇಲೆ ಗೆರೆ ಎಳೆಯುವುದಾದರೂ ಕೆಳಗಿನ ಅಂಕಿ ಕಾಣಬೇಕು.

ರದ್ದು ಮಾಡಿದ ಟಿಕೆಟ್ಟಿನ ಹಣ ಎರಡು ತಿಂಗಳ ನಂತರ ವಾಪಸ್ ಬಂತು. ಯಾವ ತಲೆಬರಹದಡಿ ಬರೆಯಬೇಕೆಂದು ಹೊಳೆಯದೆ, ಮನೆಯ ಲೆಕ್ಕದಲ್ಲಿ ಅದು ಇವತ್ತಿಗೂ ಸಸ್ಪೆನ್ಸ್ ಖಾತೆಯಲ್ಲಿದೆ.