ಜ್ಯೇಷ್ಠಮಧು ಗಂಟಲಿಗೆ ಹಿತ, ಬಿಪಿ ಇದ್ದವರಿಗೆ?

ದಿನಾ ಬೆಳಗ್ಗೆ ಒಂದು ಚಮಚ ಜ್ಯೇಷ್ಠಮಧು ಪುಡಿ ತಿಂದರೆ ಕೆಮ್ಮು, ಗ್ಯಾಸ್, ಅಲ್ಸರ್ ಎಲ್ಲ ಮಾಯ, ಶುಗರ್ ಇದ್ದವರೂ ತಿನ್ನಬಹುದು, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ. ಚಳಿಗಾಲ ಬಂತೆಂದರೆ ಈ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತತೊಡಗುತ್ತವೆ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿದರೆ ಕೆಲವರು ಆಸ್ಪತ್ರೆ ಸೇರಬೇಕಾದೀತು.

ಮಚ್ಛೆಯ ಕಿರಾಣಿ ಅಂಗಡಿಯಲ್ಲಿ ಕೇಳಿ, ಬೆಳಗಾವಿ ಪೇಟೆಯಲ್ಲಿ ಕೇಳಿ, ಕೊಡುವುದು ಒಂದೇ: ಕಂದು ಸಿಪ್ಪೆಯ, ಒಳಗೆ ಹಳದಿ ನಾರಿರುವ ತುಂಡು. ಜ್ಯೇಷ್ಠಮಧು, ಅತಿಮಧುರ, ಯಷ್ಟಿಮಧು ಎಲ್ಲ ಇದರ ಹೆಸರುಗಳೇ. ಮರಾಠಿಯವರು ಜೇಷ್ಠಮಧ ಅನ್ನುತ್ತಾರೆ, ಹಿಂದಿಯಲ್ಲಿ ಮುಲೇಠಿ, ಇಂಗ್ಲಿಷ್‌ನಲ್ಲಿ ಲಿಕೊರಿಸ್. ನೋಡಲು ಕಡ್ಡಿಯಂತಿದ್ದರೂ ಇದು ಬೇರು. ನಮ್ಮ ನೆಲದ ಗಿಡವೂ ಅಲ್ಲ. ಅಫ್ಘಾನಿಸ್ತಾನ, ಇರಾನ್, ಮಧ್ಯ ಏಷ್ಯಾದ ಕಡೆಯಿಂದ ಬರುತ್ತದೆ.

ಯುರೋಪಿನಲ್ಲಿ ಇದೇ ಬೇರಿನ ರಸದಿಂದ ಕಪ್ಪು ಮಿಠಾಯಿ ಮಾಡುತ್ತಾರೆ. ಇಂಗ್ಲೆಂಡಿನ ಪಾಂಟಿಫ್ರ್ಯಾಕ್ಟ್ ಊರಿನಲ್ಲಿ 1760ರಲ್ಲಿ ಔಷಧಿ ಬಿಲ್ಲೆಗೆ ಸಕ್ಕರೆ ಸೇರಿಸಿ ಅದನ್ನು ತಿಂಡಿಯಾಗಿಸಿದರು. ಫಿನ್ಲೆಂಡಿನವರಿಗಂತೂ ಉಪ್ಪುಪ್ಪಾದ ಸಲ್ಮಿಯಾಕಿಯೇ ಬೇಕು. ಕುಂದಾ, ಕರದಂಟು ಇರುವ ನಮ್ಮ ಜಿಲ್ಲೆಗೆ ಅದರ ಗೊಡವೆ ಬೇಕಾಗಿಲ್ಲ ಬಿಡಿ. ಆದರೆ ನಾವೂ ಬೇರೆ ದಾರಿಗಳಲ್ಲಿ ಇದನ್ನು ತಿನ್ನುತ್ತೇವೆ: ಪಾನ್‌ನಲ್ಲಿ, ಕೆಮ್ಮಿನ ಗುಳಿಗೆಯಲ್ಲಿ, ಕಷಾಯದಲ್ಲಿ, ಕೂಸಿಗೆ ಸಾಣೆಕಲ್ಲಿನ ಮೇಲೆ ತೇಯ್ದು ಹಾಕುವ ಬಾಳಗುಟ್ಟಿಯಲ್ಲಿ.

ಸಿಹಿಗೆ ಕಾರಣ ಗ್ಲಿಸಿರೈಜಿನ್. ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ಗಂಟಲಿಗೆ ಹಿತವೆನಿಸುವುದು ಸುಳ್ಳಲ್ಲ. ಹೊಟ್ಟೆಹುಣ್ಣಿನ ಮಾತೂ ಪೂರ್ತಿ ಗಾಳಿಸುದ್ದಿಯಲ್ಲ. 1940ರ ದಶಕದಲ್ಲಿ ನೆದರ್ಲೆಂಡ್ಸ್‌ನ ವೈದ್ಯರೊಬ್ಬರು ಈ ರಸದಿಂದ ಹೊಟ್ಟೆಹುಣ್ಣು ಕಡಿಮೆಯಾಗುವುದನ್ನು ಗಮನಿಸಿದರು. ಮುಂದೆ ಇದರಿಂದಲೇ ಕಾರ್ಬೆನಾಕ್ಸೊಲೋನ್ ಎಂಬ ಮಾತ್ರೆಯೂ ಬಂತು. ಆದರೆ ಅದೇ ವೈದ್ಯರು ಇನ್ನೊಂದನ್ನೂ ಕಂಡಿದ್ದರು: ಕೆಲವು ರೋಗಿಗಳ ಮುಖ, ಕೈಕಾಲು ಬಾತುಕೊಳ್ಳುತ್ತಿದ್ದವು. ಫಾರ್ವರ್ಡ್‌ಗಳಲ್ಲಿ ಈ ಎರಡನೇ ಭಾಗ ಬಿಟ್ಟುಹೋಗಿರುತ್ತದೆ.

ಹೀಗೇಕೆ? ನಮ್ಮ ದೇಹದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನ್ ಸದಾ ಇರುತ್ತದೆ. ಅದು ಮೂತ್ರಪಿಂಡಕ್ಕೆ ಹೋಗಿ “ಉಪ್ಪು ಹಿಡಿದಿಟ್ಟುಕೋ” ಎಂದು ಹೇಳದಂತೆ ಅಲ್ಲೊಂದು ಕಿಣ್ವ ಕಾವಲಿರುತ್ತದೆ. ಜ್ಯೇಷ್ಠಮಧು ಆ ಕಾವಲನ್ನೇ ತಡೆಯುತ್ತದೆ. ಆಗ ದೇಹದಲ್ಲಿ ಉಪ್ಪು, ನೀರು ಉಳಿದು ಬಿಪಿ ಏರುತ್ತದೆ. ಪೊಟ್ಯಾಸಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ. ಕಾಲು ಸೋಲುವುದು, ಸ್ನಾಯು ಹಿಡಿದುಕೊಳ್ಳುವುದು, ಎದೆ ಬಡಿತ ತಪ್ಪುವುದು ಇದರ ಲಕ್ಷಣ. 2020ರಲ್ಲಿ ನ್ಯೂ ಇಂಗ್ಲೆಂಡ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದ ಪ್ರಕರಣದಲ್ಲಿ, ಕೆಲವು ವಾರ ದಿನಕ್ಕೆ ಒಂದೂವರೆ ಚೀಲ ಕಪ್ಪು ಲಿಕೊರಿಸ್ ಮಿಠಾಯಿ ತಿಂದ 54 ವರ್ಷದ ಅಮೆರಿಕದ ವ್ಯಕ್ತಿಯೊಬ್ಬರ ಹೃದಯವೇ ನಿಂತುಹೋಯಿತು.

ಅಷ್ಟೊಂದು ಯಾರು ತಿನ್ನುತ್ತಾರೆ ಎನ್ನಬೇಡಿ. ಲೆಕ್ಕ ಹಾಕೋಣ. ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬಾರದು ಎಂಬುದು ಯುರೋಪಿನ ತಜ್ಞರ ಸಲಹೆ. ಬೇರಿನಲ್ಲಿ ಅದು ಶೇ. 4ರಷ್ಟಿದೆ ಎಂದುಕೊಂಡರೆ, ಒಂದು ಚಹಾ ಚಮಚ, ಅಂದರೆ ಸುಮಾರು 3 ಗ್ರಾಂ ಪುಡಿಯಲ್ಲೇ 120 ಮಿಲಿಗ್ರಾಂ ಆಯಿತು. ಕೆಲವು ಬೇರುಗಳಲ್ಲಿ ಇನ್ನೂ ಹೆಚ್ಚಿರುತ್ತದೆ. ಆಯುರ್ವೇದದಲ್ಲೂ ಪುಡಿಗೆ 2ರಿಂದ 4 ಗ್ರಾಂ ಎಂಬ ಅಳತೆಯಿದೆ. ವೈದ್ಯರು ಅದನ್ನು ರೋಗ ನೋಡಿ, ದಿನ ಎಣಿಸಿ ಕೊಡುತ್ತಾರೆ. ವರ್ಷಪೂರ್ತಿ ತಿನ್ನಿ ಎಂದು ಹೇಳುವುದು ಫಾರ್ವರ್ಡ್ ಮಾತ್ರ.

ಕೆಮ್ಮಿದಾಗ ಎರಡು ದಿನ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ಆರೋಗ್ಯವಂತರು ಹೆದರಬೇಕಿಲ್ಲ. ಬಿಪಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ನೀರು ಇಳಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ನುಂಗುವವರು, ಬಸುರಿಯರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ಶುಗರ್ ಇರುವ ಹಿರಿಯರಲ್ಲಿ ಬಹಳ ಜನರಿಗೆ ಬಿಪಿಯೂ ಇರುತ್ತದೆ. “ಶುಗರ್ ಇದ್ದವರಿಗೆ ಒಳ್ಳೆಯದು” ಎಂಬ ಸಾಲು ನಮಗೆ ಅಪಾಯಕಾರಿ ಅನಿಸುವುದು ಅದಕ್ಕೇ. ಇನ್ನು ಆರು ತಿಂಗಳು ತುಂಬದ ಕೂಸಿಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಳಗುಟ್ಟಿಗೂ ಇದೇ ಮಾತು.

“ಕೊರೊನಾಕ್ಕೆ ಸರಕಾರವೇ ಒಪ್ಪಿದೆ” ಎಂಬುದೂ ಆಗಾಗ ಮರಳಿ ಬರುತ್ತದೆ. ಮೇ 2020ರಲ್ಲಿ ಕೇಂದ್ರ ಸರಕಾರ ಪ್ರಯೋಗಕ್ಕೆ ಆರಿಸಿದ ಆಯುರ್ವೇದ ಔಷಧಿಗಳ ಪಟ್ಟಿಯಲ್ಲಿ ಯಷ್ಟಿಮಧು ಇದ್ದದ್ದು ನಿಜ. ಗುಣವಾಗುತ್ತದೋ ಇಲ್ಲವೋ ನೋಡಲೆಂದೇ ಪ್ರಯೋಗ ಮಾಡುವುದು. ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಗುಣವಾಗುತ್ತದೆ ಎಂದಾಗದು.

ಇದೆಲ್ಲಕ್ಕಿಂತ ನಮ್ಮನ್ನು ಕಾಡುವುದು ಹೆಸರಿನ ಗೊಂದಲ. ಇಂಗ್ಲಿಷ್‌ನಲ್ಲಿ ‘ಇಂಡಿಯನ್ ಲಿಕೊರಿಸ್’ ಎಂದು ಹುಡುಕಿದರೆ ಫೋನಿನಲ್ಲಿ ಕಾಣುವುದು ಗುಲಗಂಜಿ! ಖಾನಾಪುರದ ಕಡೆ ಬೇಲಿಗೆ, ಪೊದೆಗೆ ಹಬ್ಬುವ ಅದೇ ಬಳ್ಳಿ. ಅದರ ಎಲೆಯೂ ಸಿಹಿ, ಪಾನ್‌ಗೂ ಹಾಕುತ್ತಾರೆ. ಆದರೆ ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಆ ಕೆಂಪು-ಕಪ್ಪು ಕಾಳಿನಲ್ಲಿ ಅಬ್ರಿನ್ ಎಂಬ ಘೋರ ವಿಷವಿದೆ. ಸಿಪ್ಪೆ ಗಟ್ಟಿ, ಹಾಗಾಗಿ ಇಡಿಯಾಗಿ ನುಂಗಿದರೆ ಕೆಲವೊಮ್ಮೆ ಹಾಗೆಯೇ ಹೊರಬರುತ್ತದೆ. ಅಗಿದರೆ, ಅಥವಾ ಸರಕ್ಕೆಂದು ತೂತು ಕೊರೆದದ್ದಾದರೆ, ಜೀವಕ್ಕೇ ಕುತ್ತು. ಇದಕ್ಕೆ ಪ್ರತಿವಿಷವಿಲ್ಲ. ವಾಂತಿ, ಭೇದಿ ಶುರುವಾಗಲು ಹಲವು ಗಂಟೆ ಹಿಡಿಯಬಹುದು. ಮಗು ಆಡುತ್ತ ಬಾಯಿಗೆ ಹಾಕಿಕೊಂಡಿದ್ದರೆ ಕಾಯುತ್ತ ಕೂರದೆ, ಮನೆಯಲ್ಲೇ ವಾಂತಿ ಮಾಡಿಸಲು ಹೋಗದೆ, ತಾಲೂಕು ಆಸ್ಪತ್ರೆಗೋ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೋ ಕೂಡಲೇ ಒಯ್ಯಿರಿ. ಉಳಿದ ಕಾಳುಗಳನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ವೈದ್ಯರಿಗೆ ನೋಡಿದ ತಕ್ಷಣ ತಿಳಿಯುತ್ತದೆ.