ಬೆಳ್ಳಿ ಬಣ್ಣದ ಕೆಳಗ ಬಿಳೀ ಹಚ್ಚಬ್ಯಾಡ್ರಿ

ಭಾದ್ರಪದದ ಮಹಾಲಕ್ಷ್ಮಿ ಹತ್ರ ಬಂತಂದ್ರ ನಮ್ಮ ಬೀದರ ಓಣಿಯೊಳಗ ಕಟ್ಟಿ ಕಟ್ಟಿ ಮ್ಯಾಲ ಸಣ್ಣ ತೇರು, ಪಲ್ಲಕ್ಕಿ, ಮಂಟಪ ಒಣಗಲತ್ತಿರ್ತಾವ. ಮೊದಲು ಬಿಳೀ ಬಣ್ಣ, ಅದರ ಮ್ಯಾಲ ಬೆಳ್ಳಿ ಬಣ್ಣ. ಒಣಗಿದ ಮ್ಯಾಲ ನೋಡಿದ್ರ ಒಲಿ ಬೂದಿ! ಆಮ್ಯಾಲ ಎಲ್ಲಾರೂ ಕೂಡಿ "ಡಬ್ಬಿ ಡುಪ್ಲಿಕೇಟ್ ಅದ" ಅಂತ ಅಂಗಡಿಯವನಿಗಿ ಬೈಯೋದು. ಅವನ ಪರ ವಕಾಲತ್ ಮಾಡ್ಲಕ್ಕ ಅವ ನನಗೇನು ರೊಕ್ಕ ಕೊಟ್ಟಿಲ್ಲ. ಆದರ ತಪ್ಪು ಡಬ್ಬಿದಲ್ಲ, ಕೆಳಗ ಹಚ್ಚಿದ ಬಿಳೀದು.

ಈ ಸಲ ಸಿಟ್ಟೀಲೆ ಬರೀಲತ್ತೀನಿ, ಅದಕ್ಕ ಕಾರಣ ಅದ. ಔರಾದದ ನಮ್ಮ ತವರಮನ್ಯಾಗ ಅಪ್ಪ ಕೆತ್ತಿದ ಗೇಣುದ್ದದ ಕಟ್ಟಿಗಿ ತೇರು ಇತ್ತು. ಗಾಲಿಗಿ ಕಡ್ಡಿ ಕಡ್ಡಿ ಬಿಡಿಸಿ ಕಾಣ್ತಿದ್ದವು, ಕಂಬಕ್ಕ ಅಕ್ಕಿಕಾಳಿನಷ್ಟು ಗಿಳಿ. ಹೋದ ವರ್ಷ ನಮ್ಮ ವೈನಿ ಅದಕ್ಕ ದಪ್ಪಗ ಬಿಳೀ ಪ್ರೈಮರ್ ಹಚ್ಚಿ, ಬೆಳ್ಳಿ ಹಚ್ಚಿ, ಹೊಳೀಲಿಲ್ಲಂತ ಮತ್ತೊಮ್ಮೆ, ಮಗದೊಮ್ಮೆ ಹಚ್ಚಿದ್ರು. ಈಗ ಗಿಳಿ ಎಲ್ಲ್ಯದ? ಗಾಲಿ ಸಂದಿ ಮುಚ್ಚಿ ಜ್ವಾಳದ ರೊಟ್ಟಿ ಆಗ್ಯಾವ. ವೈನಿ, ನೀವು ಇದು ಓದ್ತೀರಿ ಅಂತ ಗೊತ್ತದ. ಸಿಟ್ಟಾದ್ರ ಆಗ್ರಿ, ಫೋನ್ ಮಾತ್ರ ಎತ್ತರಿ.

ಬೆಳ್ಳಿ ಬಣ್ಣದಾಗ ಬೆಳ್ಳಿ ಇರಂಗಿಲ್ಲ. ಅಲ್ಯೂಮಿನಿಯಂದು ಕಣ್ಣಿಗಿ ಕಾಣದಷ್ಟು ಸಣ್ಣ ಚಪ್ಪಟ ಚೂರು ಇರ್ತಾವ. ಬಂಗಾರ ಬಣ್ಣದಾಗ ಹಿತ್ತಾಳಿ ಪುಡಿ, ಇಲ್ಲಾಂದ್ರ ಅಭ್ರಕ. ಚೂರು ಸಪಾಟ ಮಲಗಿದ್ರ ಕನ್ನಡಿ ಹಂಗ ಹೊಳೀತಾವ. ಬಿಳೀ ಪ್ರೈಮರ್ ಸುಣ್ಣದ ಗ್ವಾಡಿ ಹಂಗ ಒರಟು, ಅದರ ಮ್ಯಾಲ ಸಪಾಟ ಮಲಗೋದು ಹ್ಯಾಂಗ? ಮತ್ತ ಚೂರಿನ ನಡುವ ಸಂದಿ ಇದ್ದೇ ಇರ್ತಾವ, ಅಲ್ಲಿಂದ ಬಿಳೀ ಇಣುಕಿ ಎಲ್ಲಾ ಕಡಿ ಬೆಳಕು ಚೆಲ್ತದ. ಹೊಳಪು ಅನ್ನೋದು ಒಂದು ಕಡಿ ಝಗ್ ಅಂದು ಬಾಜೂಕ ಕತ್ತಲಿದ್ರನೇ ಕಾಣೋದು. ಆ ಕತ್ತಲಿ ಕೊಡೋದು ಕರೀ ಬಣ್ಣ.

ಇದು ಬೀದರದವರಿಗಿ ನಾನು ಹೇಳ್ಬೇಕಾ? ಬಿದ್ರಿ ಹ್ಯಾಂಗ ಮಾಡ್ತಾರ? ಸತುವಿಗಿ ಜರಾ ತಾಮ್ರ ಕೂಡಿಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂಡಿಸಿ, ಆಮ್ಯಾಲ ಕ್ವಾಟಿ ಮಣ್ಣು ಮತ್ತ ನವಸಾಗರದಿಂದ ಕಪ್ಪು ಮಾಡ್ತಾರ. ಸತು ಕರ್ರಗ ಆಗ್ತದ, ಬೆಳ್ಳಿ ಬೆಳ್ಳಗ ಉಳೀತದ. ಕಪ್ಪು ಮಾಡೋಕಿಂತ ಮೊದಲೂ ಆ ಬೆಳ್ಳಿ ಅಲ್ಲೇ ಇರ್ತದ, ಬೂದಿ ಬಣ್ಣದ ಸತುವಿನ್ಯಾಗ ಕಣ್ಣಿಗಿ ಬೀಳಂಗಿಲ್ಲ ಅಷ್ಟೇ. 2023ರಾಗ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗಿ ಬಿದ್ರಿ ಕೆಲಸಕ್ಕ ಪದ್ಮಶ್ರೀ ಬಂದಾಗ ಊರೆಲ್ಲಾ ಹಿಗ್ಗಿದೆವು. ಮನಿಗಿ ಬಂದು ಮತ್ತ ಬಿಳೀ ಡಬ್ಬಿನೇ ತೆಗೀತೀವಿ! ಕ್ವಾಟಿಯೊಳಗಿನ ರಂಗೀನ ಮಹಲ್‌ದಾಗ ಕರೀ ಕಲ್ಲಿನ್ಯಾಗ ಕೂಡಿಸಿದ ಮುತ್ತಿನ ಚಿಪ್ಪು ನೋಡಿ ಬರ್ರಿ. ಬಿಳೀ ಕಲ್ಲಿನ್ಯಾಗ ಕೂಡಿಸಿದ್ರ ಯಾರು ನೋಡ್ತಿದ್ರು?

ಭಾಲ್ಕಿ ಕಾಕು ಅಂತಾರ, "ದೇವರ ಸಾಮಾನಿಗಿ ಕರೀ ಹಚ್ಚಬಾರದು, ಅಪಶಕುನ." ಕಾಕು, ನಿಮ್ಮ ಕುತ್ತಿಗಿಯಾಗ ಕರಿಮಣಿ ಅದ. ಪಂಢರಪುರದ ವಿಠೋಬ ಕರ್ರಗ ಅದಾನ. ಕೂಸಿಗಿ ದೃಷ್ಟಿ ಆಗಬಾರದಂತ ಕಾಡಿಗಿ ಬೊಟ್ಟು ಇಡೋದು ನೀವೇ. ಎಲ್ಲಾ ನಡೀತದ, ತೇರಿನ ಕೆಳಗ ಮಾತ್ರ ನಡ್ಯಂಗಿಲ್ಲೇನು? "ಬಿಳೀ ಮ್ಯಾಲ ಎಲ್ಲಾ ಬಣ್ಣ ಏಳ್ತದ" ಅಂತನೂ ಅಂತಾರ. ಕೆಂಪು, ಹಳದಿ, ಹಸಿರಿಗಿ ಆ ಮಾತು ಖರೇ ಅದ, ನಾನೂ ಹಂಗೇ ಹಚ್ತೀನಿ. ಬೆಳ್ಳಿ ಬಣ್ಣ ಆ ಜಾತೀದಲ್ಲ.

ಬಾಯಿ ಮಾತು ಬ್ಯಾಡಂತ ಎರಡು ಕಡ್ಡಿಪೆಟ್ಟಿಗಿ ತೊಗೊಂಡು ಒಂದಕ್ಕ ಬಿಳೀ, ಒಂದಕ್ಕ ಹೊಳಪಿನ ಕರೀ ಹಚ್ಚಿ, ಎರಡಕ್ಕೂ ಒಂದೇ ಡಬ್ಬಿ ಬೆಳ್ಳಿ ಹಚ್ಚಿ ಕಾಕು ಮುಂದ ಇಟ್ಟೆ. ಯಾವುದರ ಕೆಳಗ ಏನದಂತ ಹೇಳಲಿಲ್ಲ. ಕರೀದೇ ಎತ್ತಿದ್ರು. ಆಮ್ಯಾಲ ತಿರುಗಿ ನೋಡಿ "ಬೆಳಕು ಬರೋಬ್ಬರಿ ಇರ್ಲಿಲ್ಲ" ಅಂದ್ರು.

ಹಚ್ಚೋರು ಇಷ್ಟು ನೋಡ್ಕೋರಿ. ಪಾಲಿಶ್ ಪೇಪರಿಲೆ ನುಣ್ಣಗ ತಿಕ್ಕಿ, ಹೊಳಪಿನ ಕರೀ ಎನಾಮಲ್ ತೆಳ್ಳಗ ಹಚ್ಚಿ, ಪೂರಾ ಒಂದು ದಿನ ಒಣಗಿಸ್ರಿ. ಹಸಿ ಇದ್ದಾಗ ಹಚ್ಚಿದ್ರ ಎರಡೂ ಕಲಸಿ ರಾಡಿ ಆಗ್ತದ. ಆಮ್ಯಾಲ ಬೆಳ್ಳಿ ಎರಡು ಸಲ, ತೆಳ್ಳಗ. ಅರ್ಧ ಒಣಗಿದ್ದರ ಮ್ಯಾಲ ತಿರುಗಿ ಬ್ರಶ್ ಆಡಿಸಬ್ಯಾಡ್ರಿ, ಮಲಗಿದ ಚೂರು ಎದ್ದು ನಿಲ್ತಾವ. ಹೊಳಪಿಲ್ಲದ ಕರೀ ಹಚ್ಚಿದ್ರ ಕಬ್ಬಿಣದಂಗ ಕಾಣ್ತದ, ಹುಡುಗರು ಮಾಡೋ ಕ್ವಾಟಿ ತೋಪಿಗಿ ಅದು ಛಲೋ. ಬಂಗಾರ ಬಣ್ಣಕ್ಕ ಕರೀಕಿಂತ ಕಾವಿ ಇಲ್ಲಾ ಕಂದು ಬೇಸ್ ಬೇಕು. ಮೈಸೂರು ಚಿತ್ರದವರೂ ಬಂಗಾರದ ರೇಕಿನ ಕೆಳಗ ಹಳದಿ ಕೂಡಿದ ಮಕ್ಕಿ ಸಫೇದಿನೇ ಹಚ್ತಾರ. ಥರ್ಮಾಕೋಲಿಗಿ ಎನಾಮಲ್ ಮುಟ್ಟಿಸಬ್ಯಾಡ್ರಿ, ಥಿನ್ನರಿಗಿ ಕರಗಿ ಹೋಗ್ತದ. ನೀರಿನ ಬಣ್ಣ ತೊಗೋರಿ. ಕಿಡಕಿ ತೆರೀರಿ, ದೀಪ ದೂರ ಇಡ್ರಿ.

ತೇರು ಈಗ ನನ್ನ ಹತ್ರನೇ ಅದ. ಊಟದ ಮ್ಯಾಲ ಕುಂತು ಸೂಜೀಲೆ ಕೆರೀಲತ್ತೀನಿ. ನಾಲ್ಕು ದಿನಕ್ಕ ಒಂದು ಗಾಲಿ ಬಿಡಿಸಿ ಬಂತು. ನಿನ್ನಿ ಸಂಜಿಕ ಒಂದು ಗಿಳಿ ಕೊಕ್ಕು ಸಿಕ್ಕದ.